ಅಷ್ಟೆತ್ತರದಿಂದ ಬಿದ್ದರೂ ಕಾಲು ಮುರಿಯೋದಿಲ್ಲ ಯಾಕೆ?

2022ರ ಬೀಜಿಂಗ್ ಒಲಿಂಪಿಕ್ಸ್. ಚೀನಾದ ಸು ಯಿಮಿಂಗ್ ಸ್ನೋಬೋರ್ಡ್ ಸಮೇತ ಹಾರಿ, ಗಾಳಿಯಲ್ಲೇ 5 ಸುತ್ತು ತಿರುಗಿ, ಚಿನ್ನ ಗೆದ್ದರು. ಸುತ್ತು ಬಿಡಿ, ಮಂಡಿ ಹೇಗೆ ಉಳೀತು? ಹಿಮ ಮೆತ್ತಗಿರುತ್ತಲ್ಲ ಅಂತೀರಾ? ಇಲ್ಲ, ಸ್ಪರ್ಧೆಯ ಹಿಮವನ್ನು ಒತ್ತಿ ಗಟ್ಟಿ ಮಾಡಿರ್ತಾರೆ. ಕಾಪಾಡೋದು ಬಂದು ಬೀಳುವ ಜಾಗದ ಇಳಿಜಾರು. ಜಾರುಬಂಡೆ ಮೇಲೆ ಬಿದ್ದ ಮಗು ಹಾಗೇ ಜಾರಿಕೊಂಡು ಹೋಗುತ್ತಲ್ಲ, ಹಾಗೆ. ಲೆಕ್ಕ ನೋಡಿ: ವೇಗ ಗಂಟೆಗೆ 72 ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಬೀಳುವ ದಾರಿಗೂ ಇಳಿಜಾರಿಗೂ 10 ಡಿಗ್ರಿಯಷ್ಟೇ ವ್ಯತ್ಯಾಸ. ಆಗ ಕಾಲಿಗೆ ಬೀಳುವ ಪೆಟ್ಟು, ಸುಮಾರು 60 ಸೆಂಟಿಮೀಟರ್ ಎತ್ತರದಿಂದ ಧುಮುಕಿದಷ್ಟೇ!

ಹಾಗಾದರೆ ಅಪಾಯವೇ ಇಲ್ವಾ? ಇದೆ. ಇಳಿಜಾರು ದಾಟಿ, ಮಟ್ಟಸ ಜಾಗಕ್ಕೆ 40 ಡಿಗ್ರಿಯಲ್ಲಿ ಬಂದರೆ? ಅದೇ ಹಿಮ, ಅದೇ ವೇಗ. ಆದರೆ ಪೆಟ್ಟು ಮಾತ್ರ 8 ಮೀಟರ್ ಮೇಲಿಂದ ಬಿದ್ದಷ್ಟು.