ಶಿವಾಜಿನಗರದ ಸೀಗಡಿ, ಮನೆಯಲ್ಲೇ ಖಾರದ ಪಾಸ್ತಾ

ಇಂದಿರಾನಗರದ 100 ಅಡಿ ರಸ್ತೆಯಲ್ಲೋ 12ನೇ ಮೇನ್‌ನಲ್ಲೋ ಹೋಟೆಲಿಗೆ ಹೋಗಿ ಕೂತರೆ, ಮೆನು ಕಾರ್ಡಿನಲ್ಲಿ ‘ಸ್ಪೈಸಿ ಕ್ರೀಮಿ ಪ್ರಾನ್ ಪಾಸ್ತಾ’ ಅನ್ನೋ ಸಾಲು ಬಹಳ ಕಡೆ ಕಣ್ಣಿಗೆ ಬೀಳುತ್ತದೆ. ತಟ್ಟೆ ಬಂದಾಗ ಬಣ್ಣ ಚೆನ್ನಾಗೇ ಇರುತ್ತದೆ. ಕೆನೆ ಧಾರಾಳ, ಮೇಲೆ ಚಿಲ್ಲಿ ಫ್ಲೇಕ್ಸ್ ಉದುರಿಸಿರುತ್ತಾರೆ. ಸೀಗಡಿ ಮಾತ್ರ ಎಣಿಸಿ ಐದೋ ಆರೋ. ಬಾಯಿಗೆ ಹಾಕಿಕೊಂಡರೆ ಅದು ರಬ್ಬರಿನಂತೆ ಗಟ್ಟಿ, ಸಾಸಿನಲ್ಲೂ ಸೀಗಡಿಯ ರುಚಿ ಇಲ್ಲ.

ಇದನ್ನೇ ಮನೆಯಲ್ಲಿ ಇನ್ನೂ ಚೆನ್ನಾಗಿ ಮಾಡಬಹುದು. ಅದಕ್ಕೆ ದುಬಾರಿ ಚೀಸ್ ಬೇಡ, ಓವನ್ ಬೇಡ. ಬೇಕಾಗಿರೋದು ತಲೆ, ಸಿಪ್ಪೆ ಎಲ್ಲಾ ಇರುವ ಇಡೀ ಸೀಗಡಿ. ಸೀಗಡಿಯ ರುಚಿಯ ದೊಡ್ಡ ಪಾಲು ಇರೋದು ಆ ತಲೆ ಮತ್ತು ಸಿಪ್ಪೆಯಲ್ಲೇ. ಕ್ಲೀನ್ ಮಾಡಿ ಫ್ರೀಜ್ ಮಾಡಿದ ಪ್ಯಾಕೆಟ್ ತಂದರೆ ಆ ಪಾಲು ಮನೆಗೆ ಬರೋದೇ ಇಲ್ಲ. ಆ ಕೊರತೆ ತುಂಬಲು ಆಮೇಲೆ ಎಷ್ಟು ಕೆನೆ, ಎಷ್ಟು ಬೆಣ್ಣೆ ಸುರಿದರೂ ಸಾಲದು.

ಮಾರ್ಕೆಟ್‌ನಲ್ಲಿ ಏನು ನೋಡಬೇಕು?

ನಮ್ಮ ಮನೆ ಇರೋದು ಕೆ.ಆರ್. ಪುರಂನಲ್ಲಿ. ಹತ್ತಿರದ ಮೀನಂಗಡಿಯಲ್ಲೂ ಸೀಗಡಿ ಸಿಗುತ್ತದೆ. ಆದರೂ ಭಾನುವಾರ ಬೆಳಿಗ್ಗೆ ಪುರುಸೊತ್ತು ಇದ್ದರೆ ನಾನು ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ ಹೋಗುತ್ತೇನೆ. ಕೆ.ಆರ್. ಪುರಂನಲ್ಲಿ ರೈಲು ಹತ್ತಿ ಕಂಟೋನ್ಮೆಂಟ್ ಸ್ಟೇಷನ್‌ನಲ್ಲಿ ಇಳಿದರೆ ಅಲ್ಲಿಂದ ಆಟೊದಲ್ಲಿ ಸ್ವಲ್ಪ ದೂರ, ಅಷ್ಟೇ. 1927ರಲ್ಲಿ, ಈ ಭಾಗವಿನ್ನೂ ಬ್ರಿಟಿಷರ ಕೈಯಲ್ಲಿದ್ದಾಗ ಕಟ್ಟಿದ ಮಾರ್ಕೆಟ್ ಇದು. ದಂಡು ಪ್ರದೇಶ ಮತ್ತು ಪೇಟೆ ಒಂದೇ ಊರಾಗಿ ಸೇರಿದ್ದು 1949ರಲ್ಲಿ. ಇಂದಿಗೂ ಇಲ್ಲಿ ಒಂದೇ ಸೀಗಡಿಗೆ ಹಲವು ಹೆಸರು ಕೇಳಬಹುದು. ಉರ್ದುವಿನಲ್ಲಿ ಜಿಂಗಾ, ತಮಿಳಿನಲ್ಲಿ ಎರಾ. ಕುಂದಾಪುರ ಕಡೆಯ ನಮ್ಮ ಮನೆಯಲ್ಲಿ ಅದು ಚಟ್ಲಿ, ತುಳುವಿನವರಿಗೆ ಎಟ್ಟಿ, ಕೊಂಕಣಿಯವರಿಗೆ ಸುಂಗಟ.

ಯಾವ ಹೆಸರಲ್ಲಿ ಕೇಳಿದರೂ ನೋಡಬೇಕಾದದ್ದು ಮೂರು. ತಲೆ ಮೈಗೆ ಗಟ್ಟಿಯಾಗಿ ಅಂಟಿಕೊಂಡಿರಬೇಕು, ಎತ್ತಿದರೆ ಜೋತು ಬೀಳಬಾರದು. ತಲೆ ಮತ್ತು ಮೈ ಸೇರುವ ಜಾಗದಲ್ಲಿ ಕಪ್ಪು ಕಲೆ ಇರಬಾರದು. ಮೂಗಿನ ಹತ್ತಿರ ಹಿಡಿದರೆ ಸಮುದ್ರದ ವಾಸನೆ ಬಂದರೆ ಸರಿ, ಮೂಗಿಗೆ ಚುಚ್ಚುವ ಘಾಟು ಬಂದರೆ ಬೇಡ. ಪಾಸ್ತಾಕ್ಕೆ ಮಧ್ಯಮ ಗಾತ್ರದ್ದು, ಅಂದರೆ ಕೆ.ಜಿ.ಗೆ 40ರಿಂದ 50 ತೂಗುವಂಥದ್ದು ಸಾಕು. ತುಂಬಾ ದೊಡ್ಡದಕ್ಕೆ ಸುಮ್ಮನೆ ದುಡ್ಡು ಹೆಚ್ಚು. ಮನೆಯಿಂದಲೇ ಒಂದು ಮುಚ್ಚಳದ ಡಬ್ಬಿ ಒಯ್ದು, ಅಂಗಡಿಯವರ ಹತ್ತಿರ ಒಂದು ಹಿಡಿ ಐಸ್ ಹಾಕಿಸಿಕೊಳ್ಳಿ.

ಇನ್ನೊಂದು ವಿಷಯ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗಲೂ ಬೆಂಗಳೂರಿನಲ್ಲಿ ಸೀಗಡಿ ಸಿಗುತ್ತದಲ್ಲ, ಹೇಗೆ? ಅದು ಕೆರೆಗಳಲ್ಲಿ ಸಾಕಿದ ವನ್ನಮೈ ಜಾತಿಯ ಸೀಗಡಿ. ಇದನ್ನು ಅತಿ ಹೆಚ್ಚು ಬೆಳೆಯುವುದು ಆಂಧ್ರಪ್ರದೇಶ. ಇದರ ಮೂಲ ಅಮೆರಿಕ ಖಂಡದ ಪೆಸಿಫಿಕ್ ಕರಾವಳಿ. ನಮ್ಮ ದೇಶದಲ್ಲಿ ಸಾಕಲು ಅನುಮತಿ ಸಿಕ್ಕಿದ್ದು 2009ರಲ್ಲಿ. ಮೆಣಸಿನಕಾಯಿ ಮತ್ತು ಟೊಮೆಟೊ ಕೂಡ ಶತಮಾನಗಳ ಹಿಂದೆ ಅದೇ ಖಂಡದಿಂದ ಬಂದವು. ಹಾಗಾಗಿ ಈ ಬಾಣಲೆಯಲ್ಲಿ ಯಾವುದು ನಮ್ಮದು, ಯಾವುದು ಪರದೇಶದ್ದು ಅಂತ ಬಹಳ ಬಿಗಿಯಾಗಿ ಹೇಳಕ್ಕಾಗಲ್ಲ.

ಕೂತು ಮಾಡುವ ಕೆಲಸ

ಇಡೀ ಸೀಗಡಿ ತಂದರೆ ಬಿಡಿಸುವವರು ಯಾರು ಅಂತ ಬಹಳ ಜನ ಹಿಂಜರಿಯುತ್ತಾರೆ. ನಮ್ಮ ಮನೆಯಲ್ಲಿ ಅದೇ ಒಂದು ಅನುಕೂಲವಾಯಿತು.

ನನ್ನ ಅಮ್ಮನಿಗೆ ಮಂಡಿ ಆಪರೇಷನ್ ಆಗಿ ನಮ್ಮ ಜೊತೆ ಇದ್ದಾರೆ. ಹೆಚ್ಚು ಹೊತ್ತು ನಿಲ್ಲಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ನಲವತ್ತು ವರ್ಷ ಒಲೆ ಮುಂದೆ ನಿಂತು ಎಲ್ಲರಿಗೂ ಬಡಿಸಿದವರು, ಈಗ ಹಾಲ್‌ನಲ್ಲಿ ಕೂತು ನಾವು ಬಡಿಸಿದ್ದನ್ನು ಉಣ್ಣಬೇಕು. ಮೊದಮೊದಲು ಅವರ ಊಟವೇ ಅರ್ಧಕ್ಕೆ ಇಳಿಯಿತು. ಹಸಿವಿಲ್ಲ, ಸಾಕು ಅಂತಿದ್ದರು. ಮಾತ್ರೆಯಿಂದ ಹಾಗಾಗುತ್ತದೇನೋ ಅಂತ ಕೇಳಿದ್ದಕ್ಕೆ ಡಾಕ್ಟರ್ ಅಲ್ಲ ಅಂದರು. ಅಡುಗೆಮನೆಯಲ್ಲಿ ಏನು ನಡೆಯುತ್ತಿದೆ ಅಂತ ಗೊತ್ತಿಲ್ಲದೆ ಊಟಕ್ಕೆ ಕಾಯುವುದು ಅವರಿಗೆ ಅಭ್ಯಾಸವೇ ಇರಲಿಲ್ಲ.

ಒಂದು ಭಾನುವಾರ ಸೀಗಡಿ ಬಿಡಿಸಲು ಕೂತಾಗ ಅಮ್ಮನೇ, ‘ಇಲ್ಲಿ ಕೊಡು’ ಅಂದರು. ಊಟದ ಟೇಬಲ್ ಮೇಲೆ ಪೇಪರ್ ಹಾಸಿ, ಎರಡು ಪಾತ್ರೆ ಇಟ್ಟು ಕೊಟ್ಟೆ. ಅರ್ಧ ಕೆ.ಜಿ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ತಲೆ ತಿರುಚಿ ತೆಗೆಯುವುದು, ಸಿಪ್ಪೆ ಸುಲಿಯುವುದು, ಬೆನ್ನು ಸೀಳಿ ಕಪ್ಪು ದಾರದಂತಹ ಕರುಳು ಎಳೆಯುವುದು. ನಾನು ತಲೆಗಳನ್ನು ಕವರಿಗೆ ತುಂಬಲು ಹೋದಾಗ ತಡೆದರು. ‘ತಲಿ ಬಿಸಾಡ್ಬೇಡ ಮಗಾ, ರುಚಿ ಇಪ್ಪುದೇ ಅದ್ರಗೆ.’

ಆಮೇಲೆ ಕ್ರೀಮ್ ಹಾಕುವ ಹೊತ್ತಿಗೆ ಕೂತಲ್ಲಿಂದಲೇ ಇನ್ನೊಂದು ಮಾತು ಬಂತು. ಉರಿ ಸಣ್ಣ ಮಾಡು, ಕುದಿಸಬೇಡ, ಕಾಯಿಹಾಲು ಹಾಕಿದ ಹಾಗೇ ಅಲ್ಲವಾ ಇದು? ಪಾಸ್ತಾ ಅನ್ನೋದನ್ನೇ ಮೊದಲ ಸಲ ನೋಡುತ್ತಿದ್ದವರು ಅದರ ಮುಖ್ಯ ಸೂತ್ರವನ್ನೇ ಹೇಳಿದ್ದರು. ಅವತ್ತು ತಟ್ಟೆ ಖಾಲಿಯಾಯಿತು. ‘ಇನ್ನೊಂದು ಮೆಣಸು ಹಾಕಬಹುದಿತ್ತು’ ಅನ್ನೋ ದೂರೂ ಬಂತು. ಅವರು ಊಟದ ಬಗ್ಗೆ ದೂರು ಹೇಳಿ ವಾರಗಳೇ ಆಗಿದ್ದವು. ನಿಮ್ಮ ಮನೆಯಲ್ಲೂ ನಿಲ್ಲಲಾಗದ ಹಿರಿಯರಿದ್ದರೆ, ಕೂತು ಮಾಡುವ ಇಂಥ ಕೆಲಸ ಒಂದನ್ನು ಅವರಿಗೆ ಉಳಿಸಿ ನೋಡಿ.

ಬೇಕಾಗುವ ಸಾಮಗ್ರಿ (ಮೂವರಿಗೆ)

ತಲೆ-ಸಿಪ್ಪೆ ಸಹಿತ ಸೀಗಡಿ: ಅರ್ಧ ಕೆ.ಜಿ.
ಪೆನ್ನೆ ಅಥವಾ ಸ್ಪಗೆಟ್ಟಿ ಪಾಸ್ತಾ: 250 ಗ್ರಾಂ
ಬ್ಯಾಡಗಿ ಮೆಣಸಿನಕಾಯಿ: 5
ಗುಂಟೂರು ಮೆಣಸಿನಕಾಯಿ: 1 ಅಥವಾ 2
ಬೆಳ್ಳುಳ್ಳಿ: 10 ಎಸಳು
ಈರುಳ್ಳಿ: 1, ಸಣ್ಣಗೆ ಹೆಚ್ಚಿದ್ದು
ಹಣ್ಣಾದ ಟೊಮೆಟೊ: 2, ರುಬ್ಬಿದ್ದು
ಫ್ರೆಶ್ ಕ್ರೀಮ್: 150 ಮಿ.ಲೀ.
ಬೆಣ್ಣೆ: 1 ದೊಡ್ಡ ಚಮಚ
ಎಣ್ಣೆ: 3 ದೊಡ್ಡ ಚಮಚ
ಕಾಳುಮೆಣಸಿನ ಪುಡಿ, ಉಪ್ಪು, ಕೊತ್ತಂಬರಿ ಸೊಪ್ಪು

ಪಾಸ್ತಾ ಪ್ಯಾಕೆಟ್ಟಿನ ಹಿಂಭಾಗ ಓದಿ ಕೊಳ್ಳಿ. ಡ್ಯೂರಮ್ ಗೋಧಿಯ ರವೆಯಿಂದ ಮಾಡಿದ್ದಾದರೆ ಬೇಯಿಸಿದ ಮೇಲೂ ಹಲ್ಲಿಗೆ ಸಿಗುವಂತೆ ಗಟ್ಟಿಯಾಗಿರುತ್ತದೆ. ಬರೀ ಮೈದಾದ್ದು ಬೇಗ ಮೆತ್ತಗಾಗಿ ಮುದ್ದೆಯಾಗುತ್ತದೆ. ಡ್ಯೂರಮ್ ಅಂದರೆ ಹೊಸದೇನೂ ಅಲ್ಲ, ವಿಜಯಪುರ, ಧಾರವಾಡ ಕಡೆಯ ರೈತರೂ ಬೆಳೆಯುವ ಗೋಧಿಯೇ.

ಮಾಡುವ ವಿಧಾನ

ಮೊದಲು ಮೆಣಸಿನಕಾಯಿಗಳ ಬೀಜ ತೆಗೆದು ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ, ನಾಲ್ಕು ಎಸಳು ಬೆಳ್ಳುಳ್ಳಿ ಜೊತೆ ನುಣ್ಣಗೆ ರುಬ್ಬಿಡಿ. ಬ್ಯಾಡಗಿಯಿಂದ ಬಣ್ಣ, ಗುಂಟೂರಿನಿಂದ ಖಾರ.

ಬಿಡಿಸಿದ ಸೀಗಡಿಯನ್ನು ತೊಳೆದು ಬಟ್ಟೆಯಿಂದ ಒತ್ತಿ ಒರೆಸಿ. ಚಿಟಿಕೆ ಉಪ್ಪು, ಕಾಳುಮೆಣಸು ಸವರಿ ಫ್ರಿಜ್‌ನಲ್ಲಿಡಿ. ನೀರು ಉಳಿದರೆ ಹುರಿಯುವ ಬದಲು ಬೇಯುತ್ತದೆ.

ಒಂದು ಪಾತ್ರೆಯಲ್ಲಿ ಎರಡು ದೊಡ್ಡ ಚಮಚ ಎಣ್ಣೆ ಕಾಯಿಸಿ, ತೊಳೆದ ತಲೆ-ಸಿಪ್ಪೆಗಳನ್ನು ಹಾಕಿ ಐದು ನಿಮಿಷ ಹುರಿಯಿರಿ. ಬೂದು ಬಣ್ಣದ್ದು ಕೆಂಪಗಾಗುತ್ತದೆ, ಎಣ್ಣೆಯೂ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಸಿಪ್ಪೆಯಲ್ಲಿ ಪ್ರೋಟೀನ್ ಜೊತೆ ಕಟ್ಟಿಕೊಂಡಿದ್ದ ಆಸ್ಟಾಕ್ಸಾಂತಿನ್ ಎಂಬ ಬಣ್ಣ ಬಿಸಿಗೆ ಬಿಡುಗಡೆಯಾಗುವುದರಿಂದ ಹೀಗಾಗುತ್ತದೆ. ಅದು ಕೊಬ್ಬಿನಲ್ಲಿ ಕರಗುವಂಥದ್ದು. ಅದಕ್ಕೇ ನೀರು ಹಾಕುವ ಮೊದಲು ಎಣ್ಣೆಯಲ್ಲಿ ಹುರಿಯಬೇಕು. ಸೌಟಿನ ಹಿಂಬದಿಯಿಂದ ತಲೆಗಳನ್ನು ಚೆನ್ನಾಗಿ ಜಜ್ಜಿ, ಎರಡು ಲೋಟ ನೀರು ಹಾಕಿ 15 ನಿಮಿಷ ಕುದಿಸಿ ಸೋಸಿ. ಈ ರಸವೇ ಇವತ್ತಿನ ಬಂಡವಾಳ.

ದೊಡ್ಡ ಪಾತ್ರೆಯಲ್ಲಿ ಎರಡೂವರೆ ಲೀಟರ್ ನೀರಿಗೆ ಒಂದೂವರೆ ದೊಡ್ಡ ಚಮಚ ಉಪ್ಪು ಹಾಕಿ, ಕುದಿ ಬಂದ ಮೇಲೆ ಪಾಸ್ತಾ ಹಾಕಿ. ಪ್ಯಾಕೆಟ್ ಮೇಲೆ ಬರೆದದ್ದಕ್ಕಿಂತ ಎರಡು ನಿಮಿಷ ಮೊದಲೇ ತೆಗೆಯಿರಿ, ಉಳಿದದ್ದು ಸಾಸಿನಲ್ಲಿ ಬೇಯುತ್ತದೆ. ಗಂಜಿಯಂತಿರುವ ಆ ನೀರನ್ನು ಒಂದು ಲೋಟ ಎತ್ತಿಡಿ.

ಅಗಲ ಬಾಣಲೆಯಲ್ಲಿ ಉಳಿದ ಎಣ್ಣೆ, ಬೆಣ್ಣೆ ಕಾಯಿಸಿ ಸೀಗಡಿಯನ್ನು ಒಂದೇ ಪದರವಾಗಿ ಹರಡಿ. ಒಂದೊಂದು ಬದಿಗೆ ಒಂದು ನಿಮಿಷ ಸಾಕು. ಅರ್ಧ ಬಳೆಯಂತೆ ಬಾಗಿದರೆ ಹದ. ಪೂರ್ತಿ ಬಳೆಯಂತೆ ಸುರುಳಿ ಸುತ್ತಿದರೆ ಗಟ್ಟಿಯಾಯಿತು ಅಂತಲೇ ಲೆಕ್ಕ. ತೆಗೆದು ತಟ್ಟೆಯಲ್ಲಿಡಿ.

ಅದೇ ಬಾಣಲೆಗೆ ಹೆಚ್ಚಿದ ಉಳಿದ ಬೆಳ್ಳುಳ್ಳಿ, ಈರುಳ್ಳಿ ಹಾಕಿ ಬಾಡಿಸಿ. ರುಬ್ಬಿದ ಮೆಣಸು ಹಾಕಿ ಎಣ್ಣೆ ಬಿಡುವವರೆಗೆ ಹುರಿಯಿರಿ. ಟೊಮೆಟೊ ಸೇರಿಸಿ ಹಸಿ ವಾಸನೆ ಹೋಗುವ ತನಕ ಆರೇಳು ನಿಮಿಷ ಬಿಡಿ. ಈಗ ಸೀಗಡಿಯ ರಸ ಸುರಿದು ಅರ್ಧಕ್ಕೆ ಇಂಗಿಸಿ.

ಕ್ರೀಮ್ ಒಡೆಯದ ಹಾಗೆ

ಇಲ್ಲೇ ಅಮ್ಮ ಹೇಳಿದ ಕಾಯಿಹಾಲಿನ ಮಾತು ಬರೋದು. ಕರಾವಳಿಯ ಅಡುಗೆಯಲ್ಲಿ ಮೊದಲು ಹಿಂಡಿದ ದಪ್ಪ ಹಾಲನ್ನು ಕೊನೆಗೆ ಹಾಕುತ್ತಾರೆ, ಹಾಕಿದ ಮೇಲೆ ಮಳ್ಳಿಸುವುದಿಲ್ಲ. ನಮ್ಮಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುವ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬು ಸಾಮಾನ್ಯವಾಗಿ ಶೇ. 25ರ ಆಸುಪಾಸು. ಹೊರದೇಶದ ವಿಡಿಯೊಗಳಲ್ಲಿ ಬಳಸುವ ಹೆವಿ ಕ್ರೀಮ್‌ನಲ್ಲಿ ಶೇ. 35ಕ್ಕಿಂತ ಹೆಚ್ಚು. ಕೊಬ್ಬು ಕಡಿಮೆಯಿದ್ದಷ್ಟೂ ಟೊಮೆಟೊದ ಹುಳಿ ಮತ್ತು ಜೋರು ಉರಿ ಸೇರಿದಾಗ ಕ್ರೀಮ್ ಬೇಗ ಒಡೆಯುತ್ತದೆ. ಅವರು ವಿಡಿಯೊದಲ್ಲಿ ಕೊತಕೊತ ಕುದಿಸುತ್ತಾರೆ ಅಂತ ನಾವೂ ಕುದಿಸಿದರೆ ಮೊಸರಿನಂತೆ ಕಾಳುಕಾಳಾಗುತ್ತದೆ.

ಹಾಗಾಗಿ ಉರಿ ತೀರಾ ಸಣ್ಣ ಮಾಡಿ. ಕ್ರೀಮನ್ನು ಬಟ್ಟಲಿಗೆ ಹಾಕಿ, ಬಿಸಿ ಸಾಸ್ ನಾಲ್ಕು ಚಮಚ ಬೆರೆಸಿ ಬೆಚ್ಚಗಾಗಿಸಿ, ಆಮೇಲೆ ಬಾಣಲೆಗೆ ಸುರಿಯಿರಿ. ಪಾಸ್ತಾ ಹಾಕಿ ಎರಡು ನಿಮಿಷ ಮಗುಚಿ. ಗಟ್ಟಿ ಅನಿಸಿದರೆ ಎತ್ತಿಟ್ಟ ನೀರನ್ನು ಸ್ವಲ್ಪಸ್ವಲ್ಪವೇ ಸೇರಿಸಿ. ಅದರಲ್ಲಿರುವ ಪಿಷ್ಟ ಎಣ್ಣೆ-ನೀರನ್ನು ಬೇರೆಯಾಗದಂತೆ ಹಿಡಿದಿಡುತ್ತದೆ. ಕೊನೆಗೆ ಸೀಗಡಿ ಹಾಕಿ ಒಲೆ ಆರಿಸಿ. ಆ ಬಿಸಿಗೇ ಉಳಿದದ್ದು ಬೇಯುತ್ತದೆ. ಕಾಳುಮೆಣಸು, ಕೊತ್ತಂಬರಿ ಉದುರಿಸಿ.

ಉಪ್ಪು-ಖಾರ ನೋಡುವುದು ಕ್ರೀಮ್ ಹಾಕಿದ ಮೇಲೆಯೇ. ಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಕೊಬ್ಬಿನಲ್ಲಿ ಕರಗುವುದರಿಂದ ಕ್ರೀಮ್ ಬಿದ್ದ ತಕ್ಷಣ ಖಾರ ತಗ್ಗಿದಂತೆ ಅನಿಸುತ್ತದೆ. ಮೊದಲು ‘ಸ್ವಲ್ಪ ಜಾಸ್ತಿಯಾಯಿತೇನೋ’ ಅನಿಸಿದ್ದರೆ ಕೊನೆಗೆ ಸರಿಯಾಗುತ್ತದೆ.

ಕೆಲವು ಮಾತು

ಚೀಸ್ ಹಾಕದಿದ್ದರೆ ಒಳ್ಳೆಯದು. ಇಟಲಿಯಲ್ಲೂ ಮೀನು-ಸೀಗಡಿಯ ಪಾಸ್ತಾಕ್ಕೆ ಸಾಮಾನ್ಯವಾಗಿ ಚೀಸ್ ತುರಿಯುವುದಿಲ್ಲ, ಸೀಗಡಿಯ ನವಿರು ರುಚಿ ಅದರಲ್ಲಿ ಮುಚ್ಚಿಹೋಗುತ್ತದೆ. ಹಾಲು ಒಗ್ಗದವರು ಕ್ರೀಮ್ ಬದಲು ಅಷ್ಟೇ ಪ್ರಮಾಣದ ದಪ್ಪ ಕಾಯಿಹಾಲು, ಬೆಣ್ಣೆ ಬದಲು ತೆಂಗಿನೆಣ್ಣೆ ಬಳಸಬಹುದು. ಅಮ್ಮನ ಮತ ಇದರ ಕಡೆಗೇ. ಮನೆಗೆ ಊಟಕ್ಕೆ ಬರುವವರಿಗೆ ಸೀಗಡಿಯ ಅಲರ್ಜಿ ಇದೆಯೇ ಅಂತ ಮೊದಲೇ ಕೇಳಿಕೊಳ್ಳಿ. ಅಂಥವರಿಗೆ ಸೀಗಡಿ ಆರಿಸಿ ತೆಗೆದು ಬಡಿಸಿದರೂ ಆಗದು, ರಸ ಇಡೀ ಸಾಸಿನಲ್ಲಿರುತ್ತದೆ.

ಸೋಸಿದ ಸಿಪ್ಪೆಯನ್ನು ರಾತ್ರಿಯಿಡೀ ಬುಟ್ಟಿಯಲ್ಲಿಟ್ಟರೆ ಮನೆ ತುಂಬಾ ವಾಸನೆ. ಕವರಿನಲ್ಲಿ ಕಟ್ಟಿ ಫ್ರೀಜರ್‌ನಲ್ಲಿಟ್ಟು, ಬೆಳಿಗ್ಗೆ ಕಸದ ಗಾಡಿ ಬಂದಾಗ ಕವರ್ ಬಿಚ್ಚಿ ಹಸಿ ಕಸಕ್ಕೆ ಹಾಕಿ. ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದವರ ಜೊತೆ ಸಂಬಂಧ ಚೆನ್ನಾಗಿರಲೂ ಇದು ಬೇಕು.

ಮತ್ತೆ, ಈ ಪಾಸ್ತಾ ಯಾರಿಗೂ ಕಾಯುವುದಿಲ್ಲ. ಹತ್ತು ನಿಮಿಷ ಬಿಟ್ಟರೆ ಸಾಸ್ ಹೀರಿಕೊಂಡು ಗಟ್ಟಿಯಾಗುತ್ತದೆ. ಆದ್ದರಿಂದ ಕ್ರೀಮ್ ಹಾಕುವ ಮೊದಲೇ ಎಲ್ಲರನ್ನೂ ಕರೆದು ತಟ್ಟೆ ಮುಂದೆ ಕೂರಿಸಿಬಿಡಿ.