ಕಾಯಕಕ್ಕೆ ಕಳಂಕ ಹಚ್ಚಿದಾಗ

ಮಾರ್ಚ್ ಮುಗಿದು ಏಪ್ರಿಲ್ ಬಂತೆಂದರೆ ನೌಕರಿಯಲ್ಲಿರುವವರ ಮನೆಗಳಲ್ಲಿ ಒಂದು ಬಗೆಯ ಆತಂಕ. ವರ್ಷದ ದುಡಿಮೆಯ ಬಗ್ಗೆ ಮೇಲಧಿಕಾರಿಗಳು ಏನು ಬರೆಯುವರೋ ಎಂಬ ಚಿಂತೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಎಷ್ಟೋ ಮನೆಗಳಲ್ಲಿ ತಂದೆ ಸರ್ಕಾರಿ ಸೇವೆಯಿಂದ ನಿವೃತ್ತರು. ಮಗನೋ ಸೊಸೆಯೋ ಮುಂಜಾನೆ ಮೆಟ್ರೋ ಹತ್ತಿ ವೈಟ್‌ಫೀಲ್ಡಿನ ಕಂಪನಿಗೆ ಹೋಗುವವರು. ತಂದೆಯ ಕಾಲಕ್ಕೆ ಅದು ಗೌಪ್ಯ ವರದಿ, ಮಕ್ಕಳ ಕಾಲಕ್ಕೆ ರೇಟಿಂಗ್. ಹೆಸರು ಬೇರೆ, ನೋವು ಒಂದೇ.

ಕಾಯಕವನ್ನೇ ಕೈಲಾಸವೆಂದು ನಂಬಿದ ಸಮಾಜಕ್ಕೆ ಈ ನೋವು ಹೊಸದಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದಾಗ, ಅರಮನೆಯ ಹಣವನ್ನು ಜಂಗಮರಿಗೆ ಹಂಚುತ್ತಿದ್ದಾರೆಂದು ಅಸೂಯಾಪರರು ದೂರಿದ ಪ್ರಸಂಗ ಬಸವಪುರಾಣದಲ್ಲಿದೆ. ಭಂಡಾರವನ್ನು ತೆರೆದು ಎಣಿಸಿದಾಗ ಲೆಕ್ಕ ತಪ್ಪಿರಲಿಲ್ಲ. ಪುರಾಣಕ್ಕೆ ಅದು ಪವಾಡ. ನೌಕರರಾದ ನಮಗೆ ಪಾಠ. ದೂರಿದವರನ್ನು ಹಳಿಯುವುದಕ್ಕಿಂತ ಲೆಕ್ಕವನ್ನು ಮುಂದಿಡುವುದೇ ಬಲವಾದ ಉತ್ತರ.

ನಮ್ಮ ಕಾಲದ ನಿದರ್ಶನವೊಂದನ್ನು ನೋಡೋಣ. ದೇವ್ ದತ್ ಎಂಬುವರು ಗಡಿ ರಸ್ತೆಗಳ ಇಂಜಿನಿಯರಿಂಗ್ ಸೇವೆಯಲ್ಲಿ ಕಾರ್ಯಪಾಲಕ ಇಂಜಿನಿಯರ್ ಆಗಿದ್ದರು. ಬಡ್ತಿಗೆ ಐದು ವರ್ಷಗಳ ವರದಿ ‘ಬಹಳ ಉತ್ತಮ’ ಎಂದಿರಬೇಕಿತ್ತು. 1993-94ರ ವರದಿಯಲ್ಲಿ ಮಾತ್ರ ‘ಉತ್ತಮ’ ಎಂದಿತ್ತು. ಕೇಳಲು ಹೊಗಳಿಕೆಯಂತಿದ್ದ ಆ ಒಂದು ಪದವೇ ಬಡ್ತಿಗೆ ಅಡ್ಡವಾಯಿತು. ಅದನ್ನು ಅವರಿಗೆ ತಿಳಿಸಿಯೂ ಇರಲಿಲ್ಲ. 2008ರ ಮೇ 12ರಂದು ಸರ್ವೋಚ್ಚ ನ್ಯಾಯಾಲಯವು ಕೆಟ್ಟದ್ದಿರಲಿ ಒಳ್ಳೆಯದಿರಲಿ, ವರದಿಯ ಪ್ರತಿಯೊಂದು ಅಂಶವನ್ನೂ ನೌಕರನಿಗೆ ತಿಳಿಸಬೇಕೆಂದು ತೀರ್ಪಿತ್ತಿತು. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು. ಆದರೂ ಅವರ ಮನವಿಯನ್ನು ಪರಿಶೀಲಿಸಲು ನ್ಯಾಯಾಲಯ ಆದೇಶಿಸಿತು. 2013ರ ಸುಖದೇವ್ ಸಿಂಗ್ ಪ್ರಕರಣದಲ್ಲಿ ಇದೇ ತತ್ತ್ವ ಮತ್ತೆ ದೃಢಪಟ್ಟಿತು.

ಕೇಂದ್ರ ಸರ್ಕಾರವು 2009ರ ಮೇ 14ರ ಆದೇಶದಲ್ಲಿ, ಪೂರ್ಣ ವರದಿಯನ್ನು ನೌಕರನಿಗೆ ಕೊಟ್ಟು, ಆಕ್ಷೇಪಣೆ ಸಲ್ಲಿಸಲು 15 ದಿನಗಳ ಅವಕಾಶ ನೀಡಬೇಕೆಂದು ವಿಧಿಸಿತು. ಆದ್ದರಿಂದ ವರದಿ ಕೈಸೇರಿದ ದಿನಾಂಕವನ್ನು ಗುರುತಿಟ್ಟುಕೊಳ್ಳುವುದು ಅತ್ಯಗತ್ಯ. ರಾಜ್ಯದ ನೌಕರರಿಗೆ 2000ದ ಕಾರ್ಯನಿರ್ವಹಣಾ ವರದಿಗಳ ನಿಯಮಗಳಿವೆ. ಇಲಾಖೆಯಲ್ಲಿ ನ್ಯಾಯ ದೊರೆಯದಿದ್ದರೆ ಕರ್ನಾಟಕ ಆಡಳಿತ ನ್ಯಾಯಮಂಡಳಿಯ ಬಾಗಿಲಿದೆ. ಅಂತಿಮ ಆದೇಶವಾದ ಒಂದು ವರ್ಷದೊಳಗೆ ಅಲ್ಲಿ ಅರ್ಜಿ ಸಲ್ಲಿಸಬೇಕು.

ಖಾಸಗಿ ಕಂಪನಿಗಳಲ್ಲಿ ಈ ತೀರ್ಪುಗಳ ಆಸರೆಯಿಲ್ಲ; ಅಲ್ಲಿ ಕಾಗದವೇ ಆಸರೆ. ಒಪ್ಪಿಸಿದ ಕೆಲಸ, ಮುಗಿಸಿದ ದಿನಾಂಕ, ಬಂದ ಮೆಚ್ಚುಗೆ, ಎಲ್ಲವನ್ನೂ ವರ್ಷವಿಡೀ ಬರೆದಿಡಬೇಕು. ಕಂಪನಿಯ ಗುಟ್ಟಿನ ಕಡತಗಳನ್ನು ಮಾತ್ರ ಮನೆಗೆ ತರಬಾರದು. ಅನ್ಯಾಯವೆನಿಸಿದಾಗ ‘ಯಾವ ಕೆಲಸದಲ್ಲಿ, ಯಾವಾಗ ಕೊರತೆಯಾಯಿತು?’ ಎಂದು ವಿನಯದಿಂದ, ಲಿಖಿತವಾಗಿ ಕೇಳಬೇಕು. ಉತ್ತರ ಬಾರದಿದ್ದರೆ ಸಿಬ್ಬಂದಿ ವಿಭಾಗಕ್ಕೆ ಬರೆಯಬೇಕು. ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕೆಂಬುದು ಕಾನೂನು. ಅಧಿಕಾರಿಯ ದುರ್ವರ್ತನೆಗೆ ಮಣಿಯದ ಹೆಣ್ಣುಮಕ್ಕಳಿಗೆ ಸೇಡಿನಿಂದ ಕಡಿಮೆ ಅಂಕ ಬಿದ್ದಿದ್ದರೆ, 2013ರ ಕಾಯ್ದೆಯಂತೆ ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು.

ಇದೆಲ್ಲಕ್ಕೂ ಮೊದಲು ಆತ್ಮಪರೀಕ್ಷೆ ಬೇಕು. ಹತ್ತು ಮಾತುಗಳಲ್ಲಿ ಒಂದು ನಿಜವಾಗಿದ್ದರೆ ಅದನ್ನು ಒಪ್ಪಿ ತಿದ್ದಿಕೊಳ್ಳೋಣ. ಉಳಿದ ಒಂಬತ್ತನ್ನು ಎದುರಿಸಲು ಆಗ ನೈತಿಕ ಬಲ ಬರುತ್ತದೆ. ಸಿಟ್ಟಿನ ಭರದಲ್ಲಿ ರಾಜೀನಾಮೆ ಬರೆಯುವುದು ಬೇಡ.

ಮನೆಯವರ ಪಾತ್ರವೂ ಹಿರಿದು. ಗೃಹಸಾಲದ ಕಂತು, ಮಕ್ಕಳ ಶುಲ್ಕ ನೆನೆದು ಎಷ್ಟೋ ಮಂದಿ ಈ ಅವಮಾನವನ್ನು ಯಾರಿಗೂ ಹೇಳದೆ ನುಂಗುತ್ತಾರೆ. ನಿದ್ರೆ ಕೆಡುತ್ತದೆ, ಊಟ ಸೇರದು. ಅಂಥ ಹೊತ್ತಿನಲ್ಲಿ ‘ನೀನೇ ಏನೋ ತಪ್ಪು ಮಾಡಿರಬೇಕು’ ಎಂದು ಹಿರಿಯರು ಅವಸರದಿಂದ ಹೇಳದಿರಲಿ. ಆಯ್ದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ತಿದ್ದಿದವರು ಅವರ ಪತ್ನಿ ಲಕ್ಕಮ್ಮ. ಕಾಯಕದ ಶುದ್ಧಿಯನ್ನು ಮನೆಯವರಷ್ಟು ಬಲ್ಲವರು ಬೇರೆ ಯಾರು? ತಿದ್ದಬಲ್ಲ ಮನೆಯೇ ಸಂಕಟದಲ್ಲಿ ಬೆನ್ನಿಗೆ ನಿಲ್ಲಬಲ್ಲದು.

ಅಧಿಕಾರಿ ಬರೆಯುವುದು ಒಂದು ವರ್ಷದ ವರದಿ ಮಾತ್ರ. ಬದುಕಿನ ಲೆಕ್ಕವನ್ನು ನೋಡುವುದು ನಮ್ಮ ಅಂತಃಸಾಕ್ಷಿ. ಆ ಭಂಡಾರ ತೆರೆದಾಗ ಲೆಕ್ಕ ಸರಿಯಿದ್ದರೆ ಸಾಕು, ತಲೆ ತಗ್ಗಿಸಬೇಕಾಗಿಲ್ಲ.