ಪೀಪಾಯಿಯ ಬೂಚು

ಯಡ್ರಾಮಿಯ ಕಡೆಯ ಜೋಳದ ಸೀಮೆಯವರಿಗೆ ಮರದ ಪೀಪಾಯಿಯು ಅಷ್ಟು ಪರಿಚಿತವಾದ ವಸ್ತುವಲ್ಲ. ಕಾಳಿಗೆ ಹಗೇವು, ನೀರಿಗೆ ಕೊಡ, ಎಣ್ಣೆಗೆ ಗಡಿಗೆ. ಇಷ್ಟರಲ್ಲಿಯೇ ನಮ್ಮ ಹಿರಿಯರ ಸಂಸಾರವು ಸಾಗಿತು. ‘ಪೀಪಾಯಿ’ ಎಂಬ ಮಾತೇ ಪೋರ್ತುಗೀಸರಿಂದ ಬಂದುದು. ಅದರ ತೂತಿಗೆ ಜಡಿಯುವ ‘ಬೂಚು’ ಸಹ ಅದೇ ಹಡಗನ್ನೇರಿ ಬಂದಿತು. ಇದನ್ನು ಬಿರಡೆಯೆಂದೂ ಕರೆಯುವರು. ವೀಣೆಯ ತಂತಿಯನ್ನು ಬಿಗಿಮಾಡುವ ಗೂಟಕ್ಕೂ ಅದೇ ಹೆಸರುಂಟು. ಹೆಚ್ಚು ಮಾತಾಡುವವನ ಬಾಯಿಗೆ ಬಿರಡೆ ಹಾಕಬೇಕೆಂದು ನಾವು ಅನ್ನುವುದಿಲ್ಲವೆ?

ಈ ಬೂಚಿಗೆ ಆಂಗ್ಲರು ‘ಬಂಗ್’ ಎನ್ನುವರು. ಇದು ಡಚ್ಚರಿಂದ ಅವರಿಗೆ ದೊರೆತ ಮಾತು. ಪೀಪಾಯಿ ಕಟ್ಟುವವನು ಮರದ ಪಟ್ಟಿಗಳನ್ನು ಬೆಂಕಿಯ ಕಾವಿನಲ್ಲಿ ಬಾಗಿಸಿ, ಮೊಳೆಯಾಗಲಿ ಅಂಟಾಗಲಿ ಇಲ್ಲದೆ ಕಬ್ಬಿಣದ ಬಳೆಗಳಿಂದ ಬಿಗಿಯುತ್ತಾನೆ. ಹೊಟ್ಟೆಯ ಭಾಗದಲ್ಲಿ ಒಂದು ತೂತು ಕೊರೆದು, ಮದ್ಯವನ್ನು ತುಂಬಿದ ಮೇಲೆ ಅದಕ್ಕೆ ಬೂಚನ್ನು ಕೊಡತಿಯಿಂದ ಬಡಿದು ಕೂರಿಸುತ್ತಾರೆ. ಅಲೆಕ್ಸಾಂಡರನ ದೇಹದ ಮಣ್ಣು ಕಡೆಗೆ ಇಂತಹ ತೂತನ್ನು ಮುಚ್ಚಲು ಬಂದೀತೆಂದು ಶೇಕ್ಸ್‌ಪಿಯರನ ಹ್ಯಾಮ್ಲೆಟ್ಟನು ಚಿಂತಿಸುವನು.

ಕಸುಬಿನ ಈ ಮಾತು ಬೀದಿಗೆ ಇಳಿದ ಬಗೆಯು ಸ್ವಾರಸ್ಯವಾಗಿದೆ. ನೆಗಡಿಯಿಂದ ಮೂಗು ಕಟ್ಟಿದರೆ ಅದಕ್ಕೆ ‘ಬಂಗ್’ ಬಿದ್ದಿತು. ಪೆಟ್ಟುತಿಂದು ಬಾತು ಮುಚ್ಚಿದ ಕಣ್ಣಿಗೂ ಅದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಹೆಂಡದಂಗಡಿಯ ಯಜಮಾನನಿಗೇ ಆ ಅಡ್ಡಹೆಸರು ಅಂಟಿತು. ವಸ್ತುವನ್ನು ಎಸೆಯುವುದಕ್ಕೂ ತುರುಕುವುದಕ್ಕೂ ಈಗ ಅದೇ ಮಾತು ಸಲ್ಲುತ್ತದೆ.

ಆದರೆ ಒಂದೇ ಧ್ವನಿಯುಳ್ಳವೆಲ್ಲ ಒಂದೇ ಕುಲದವೆಂದು ತಿಳಿಯಲಾಗದು. ಹರಿಯುವ ನೀರಿನ ‘ಹರಿ’ ಬೇರೆ, ವೈಕುಂಠದ ಹರಿ ಬೇರೆ. ಹದಿನಾರನೆಯ ಶತಮಾನದ ಕಳ್ಳರ ಗುಪ್ತಭಾಷೆಯಲ್ಲಿ ‘ಬಂಗ್’ ಎಂದರೆ ಹಣದ ಚೀಲ. ಇದಕ್ಕೂ ಬೂಚಿಗೂ ನಂಟಿಲ್ಲ. ಆಸ್ಟ್ರೇಲಿಯದಲ್ಲಿ ಕೆಟ್ಟುನಿಂತ ಯಂತ್ರವನ್ನು ‘ಬಂಗ್’ ಎನ್ನುವುದಾದರೋ ಬ್ರಿಸ್ಬೇನ್ ಸೀಮೆಯ ಮೂಲನಿವಾಸಿಗಳ ಯಗರ ಭಾಷೆಯಿಂದ ಬಂದುದು; ಅಲ್ಲಿ ಅದರ ಅರ್ಥ ‘ಸತ್ತ’ ಎಂದು.

1995ರಲ್ಲಿ ಆರ್ಸೆನಲ್ ಎಂಬ ಲಂಡನ್ನಿನ ಫುಟ್‌ಬಾಲ್ ತಂಡದ ಮೇಲ್ವಿಚಾರಕ ಜಾರ್ಜ್ ಗ್ರಹಾಮರು ಆಟಗಾರರ ದಲ್ಲಾಳಿಯಿಂದ ಹಣ ಪಡೆದುದಕ್ಕಾಗಿ ಕೆಲಸ ಕಳೆದುಕೊಂಡು, ಒಂದು ವರ್ಷದ ನಿಷೇಧಕ್ಕೂ ಒಳಗಾದರು. ಪತ್ರಿಕೆಗಳು ಆ ಹಣವನ್ನು ‘ಬಂಗ್’ ಎಂದೇ ಬರೆದವು. ಬೂಚೆಂಬ ಅರ್ಥವೊಂದನ್ನೇ ಬಲ್ಲ ನಮ್ಮ ಹುಡುಗನು ಇದನ್ನು ಓದಿದರೆ, ಬೂಚು ಪಡೆದುದಕ್ಕೆ ಇಷ್ಟು ಶಿಕ್ಷೆಯೇ ಎಂದು ಬೆರಗಾದಾನು. ಕಚೇರಿಯಲ್ಲಿ ಯಾರದೋ ಕೈ ಬೆಚ್ಚಗೆ ಮಾಡಿಬಂದೆವೆಂಬ ನಮ್ಮ ಮಾತನ್ನು ಕೇಳಿದ ಆಂಗ್ಲನು, ಪಾಪ, ಆ ಅಧಿಕಾರಿಗೆ ಚಳಿಯಾಗಿತ್ತೆಂದು ತಿಳಿದಾನು.